ಸೋರಿಯಾಸಿಸ್: ಗುರುತಿಸುವ ಬಗೆ, ನಿಭಾಯಿಸುವ ಬಗೆ

(ಚರ್ಮರೋಗ ವಿಭಾಗದ ಅಧ್ಯಾಪಕಿ ಮತ್ತು ವಿದ್ಯಾರ್ಥಿಯ ನಡುವಿನ ಸಂವಾದ)

ವಿದ್ಯಾರ್ಥಿ: ಸೋರಿಯಾಸಿಸ್ ಬಂದವರನ್ನು ಕಂಡರೆ ಮನೆಯ ಹಿರಿಯರು ‘ರಕ್ತ ಕೆಟ್ಟಿದೆ’ ಅನ್ನುತ್ತಾರೆ. ಇದು ರಕ್ತದ ರೋಗವೋ, ಚರ್ಮದ ರೋಗವೋ?

ಅಧ್ಯಾಪಕಿ: ಕಾಣಿಸಿಕೊಳ್ಳುವುದು ಚರ್ಮದಲ್ಲಿ, ಬೇರಿರುವುದು ರೋಗನಿರೋಧಕ ವ್ಯವಸ್ಥೆಯಲ್ಲಿ. ಚರ್ಮದ ಹೊರಪದರದ ಕೋಶ ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇಷ್ಟೆಲ್ಲ ಮೂರರಿಂದ ಐದು ದಿನಗಳಲ್ಲಿ ಮುಗಿದುಹೋಗುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಬಣ್ಣದ ಹಕ್ಕಳೆಯಾಗುತ್ತವೆ. ಈ ಅವಸರಕ್ಕೆ ಕಾರಣ ಟಿ ಕೋಶಗಳೂ ಇತರ ರೋಗನಿರೋಧಕ ಕೋಶಗಳೂ ಹೊರಡಿಸುವ ಸಂದೇಶಗಳು. ಅವುಗಳಲ್ಲಿ ಇಂಟರ್‌ಲ್ಯೂಕಿನ್-23, ಇಂಟರ್‌ಲ್ಯೂಕಿನ್-17 ಮತ್ತು ಟಿಎನ್‌ಎಫ್ ಮುಖ್ಯವಾದವು. ಈ ಮೂರರ ಹೆಸರು ಚಿಕಿತ್ಸೆಯ ಮಾತು ಬಂದಾಗ ಮತ್ತೆ ಬರುತ್ತದೆ.

ವಿದ್ಯಾರ್ಥಿ: ಮುಟ್ಟಿದರೆ ಅಂಟುತ್ತದೆಯೇ?

ಅಧ್ಯಾಪಕಿ: ಇಲ್ಲ. ಒಂದೇ ಹಾಸಿಗೆ, ಒಂದೇ ಟವೆಲ್, ಒಂದೇ ತಟ್ಟೆ ಬಳಸಿದರೂ ಅಂಟುವುದಿಲ್ಲ. ಆ ಭಯ ಬಂದದ್ದು ಕುಷ್ಠದ ಜೊತೆಗಿನ ಗೊಂದಲದಿಂದ. ಯುರೋಪಿನ ವೈದ್ಯರೂ ಶತಮಾನಗಳ ಕಾಲ ಎರಡನ್ನೂ ಬೆರೆಸಿಕೊಂಡಿದ್ದರು. ಅವು ಬೇರೆ ಬೇರೆ ಎಂದು 1841ರಲ್ಲಿ ಖಚಿತವಾಗಿ ಹೇಳಿದವರು ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ. ಅನುವಂಶೀಯತೆಯ ಪಾಲು ಇರುವುದು ನಿಜ. ಎಚ್‌ಎಲ್‌ಎ-ಸಿ*06:02 ಎಂಬ ಜೀನ್ ರೂಪ ಇರುವವರಲ್ಲಿ ರೋಗದ ಸಾಧ್ಯತೆ ಹೆಚ್ಚು. ಆದರೆ ಬೀಜ ಇದ್ದಮಾತ್ರಕ್ಕೆ ಮೊಳಕೆ ಒಡೆಯಬೇಕೆಂದಿಲ್ಲ. ತಾಯಿಗೋ ತಂದೆಗೋ ಸೋರಿಯಾಸಿಸ್ ಇರುವ ಮಕ್ಕಳಲ್ಲಿ ಬಹುಪಾಲು ಜನರಿಗೆ ಅದು ಬರುವುದೇ ಇಲ್ಲ.

ವಿದ್ಯಾರ್ಥಿ: ಹಾಗಾದರೆ ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ಯಾವುದು?

ಅಧ್ಯಾಪಕಿ: ಅಂಥದ್ದೊಂದು ಇಲ್ಲ. ಸೋರಿಯಾಸಿಸ್ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಬಾಯಿಂದ ಕೇಳಿ ಗುರುತಿಸುವ ರೋಗ. ಮೊದಲು ನೋಡಬೇಕಾದದ್ದು ಅಂಚು. ಇಸಬಿನ ಅಂಚು ಸುತ್ತಲಿನ ಚರ್ಮದಲ್ಲಿ ಕರಗಿಹೋಗುತ್ತದೆ, ಸೋರಿಯಾಸಿಸ್ ಕಲೆಯ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಎರಡನೆಯದು ದಪ್ಪ: ಕಣ್ಣುಮುಚ್ಚಿ ಬೆರಳಾಡಿಸಿದರೂ ಕಲೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತದೆ. ಮೂರನೆಯದು ಹಕ್ಕಳೆ. ಇನ್ನು ಬಣ್ಣ. ಪಠ್ಯಪುಸ್ತಕದ ಚಿತ್ರಗಳಲ್ಲಿ ಅದು ಸಾಲ್ಮನ್ ಮೀನಿನ ಕೆಂಪು, ಏಕೆಂದರೆ ಆ ಚಿತ್ರಗಳು ಬಿಳಿಯ ಚರ್ಮದವು. ಎಣ್ಣೆಗಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಅದೇ ಕಲೆ ನೇರಳೆ, ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕೆಂಪು ಕಾಣಲಿಲ್ಲವೆಂದು ರೋಗನಿರ್ಣಯವನ್ನು ಬಿಟ್ಟುಕೊಡಬಾರದು.

ವಿದ್ಯಾರ್ಥಿ: ಗಾಜಿನ ಸ್ಲೈಡಿನಿಂದ ಕೆರೆದು ನೋಡುವುದು ಯಾಕೆ?

ಅಧ್ಯಾಪಕಿ: ಹಕ್ಕಳೆ ಪದರ ಪದರವಾಗಿ ತನ್ನ ಗುಟ್ಟು ಬಿಡುತ್ತದೆ. ಸ್ಲೈಡಿನ ಅಂಚಿನಿಂದ ಮೆಲ್ಲಗೆ ಕೆರೆದರೆ ಮೊದಲು ಮೇಣದಬತ್ತಿಯನ್ನು ಕೆರೆದಂತೆ ಬಿಳಿಯ ಚೂರುಗಳು ಉದುರುತ್ತವೆ. ಇನ್ನೂ ಕೆರೆದರೆ ತೆಳ್ಳಗೆ ಹೊಳೆಯುವ, ತೇವವಾದ ಪೊರೆ ಕಾಣುತ್ತದೆ. ಆ ಪೊರೆಯನ್ನೂ ಎತ್ತಿದರೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಅಲ್ಲಲ್ಲಿ ಏಳುತ್ತವೆ. ಇದಕ್ಕೆ ಆಸ್ಪಿಟ್ಸ್ ಚಿಹ್ನೆ ಎಂದು ಹೆಸರು. ಹಿಗ್ಗಿದ ರಕ್ತನಾಳಗಳ ತುದಿಗಳು ಚರ್ಮದ ಮೇಲ್ಮೈಗೆ ತೀರಾ ಹತ್ತಿರ ಬಂದಿರುತ್ತವೆ, ಅವುಗಳ ಮೇಲಿನ ಹೊದಿಕೆ ತೆಳುವಾಗಿರುತ್ತದೆ. ಅದಕ್ಕೇ ಆ ಚುಕ್ಕೆಗಳು. ಆದರೆ ಎಲ್ಲ ರೋಗಿಗಳಲ್ಲೂ ಇದು ಕಾಣುವುದಿಲ್ಲ, ಬೇರೆ ಕೆಲವು ರೋಗಗಳಲ್ಲೂ ಕಾಣಬಹುದು. ಸಾಕ್ಷಿಗಳ ಸಾಲಿನಲ್ಲಿ ಅದೂ ಒಂದು, ಅಷ್ಟೇ.

ವಿದ್ಯಾರ್ಥಿ: ಮೈಯಲ್ಲಿ ಎಲ್ಲೆಲ್ಲಿ ಹುಡುಕಬೇಕು?

ಅಧ್ಯಾಪಕಿ: ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ, ನೆತ್ತಿ. ರೋಗಿ ಎಷ್ಟೋ ಸಲ ಮೊಣಕೈ ಒಂದನ್ನೇ ತೋರಿಸುತ್ತಾರೆ. ಕಿವಿಯ ಹಿಂದೆ, ಹೊಕ್ಕುಳಲ್ಲಿ, ಪೃಷ್ಠದ ಸಂದಿಯಲ್ಲಿ ಇರುವುದು ಅವರಿಗೇ ಗೊತ್ತಿರುವುದಿಲ್ಲ, ಅಥವಾ ಹೇಳಲು ಸಂಕೋಚ. ತಲೆಹೊಟ್ಟು ಎಂದು ವರ್ಷಗಟ್ಟಲೆ ಶಾಂಪೂ ಬದಲಿಸಿದವರ ಹಣೆಯ ಕೂದಲಂಚನ್ನು ನೋಡಿದರೆ, ದಪ್ಪ ಹಕ್ಕಳೆ ಅಂಚು ದಾಟಿ ಹಣೆಗೆ ಇಳಿದಿರುತ್ತದೆ. ಉಗುರುಗಳಿಗೂ ಕಡ್ಡಾಯವಾಗಿ ಕಣ್ಣು ಹಾಯಿಸಬೇಕು. ಹೊಲಿಗೆಯವರ ಬೆರಳುಟೋಪಿಯ ಮೇಲಿನಂಥ ಸಣ್ಣ ಗುಳಿಗಳು, ಉಗುರಿನಡಿ ಎಣ್ಣೆಹನಿ ಬಿದ್ದಂತೆ ಕಾಣುವ ಹಳದಿ ಮಚ್ಚೆ, ತುದಿಯಲ್ಲಿ ಉಗುರು ಬುಡ ಬಿಟ್ಟು ಏಳುವುದು, ಅಡಿಯಲ್ಲಿ ಪುಡಿಪುಡಿಯಾದ ಶೇಖರಣೆ ಕಾಣಬಹುದು. ಉಗುರಿನ ಶಿಲೀಂಧ್ರ ಸೋಂಕೂ ಹೀಗೇ ತೋರುವುದರಿಂದ, ಅನುಮಾನವಿದ್ದರೆ ಉಗುರಿನ ಚೂರನ್ನು ಪರೀಕ್ಷೆಗೆ ಕಳಿಸುವುದು ಒಳ್ಳೆಯದು.

ವಿದ್ಯಾರ್ಥಿ: ಸೋರಿಯಾಸಿಸ್ ಎಲ್ಲರಲ್ಲೂ ಒಂದೇ ರೂಪದಲ್ಲಿ ಬರುತ್ತದೆಯೇ?

ಅಧ್ಯಾಪಕಿ: ನೂರರಲ್ಲಿ 80–90 ಜನರಲ್ಲಿ ಈಗ ಹೇಳಿದ ದಪ್ಪ ಕಲೆಯ ರೂಪವೇ. ಮಕ್ಕಳಲ್ಲಿ, ಹರೆಯದವರಲ್ಲಿ ಗಂಟಲುನೋವು ಬಂದು ಎರಡು ಮೂರು ವಾರಕ್ಕೆ ಮೈತುಂಬ ಹನಿ ಸಿಡಿದಂತೆ ಸಣ್ಣ ಕಲೆಗಳು ಏಳುವುದುಂಟು. ಅದಕ್ಕೆ ಗಟ್ಟೇಟ್ ಎಂದು ಹೆಸರು, ಹಿಂದಿರುವುದು ಸ್ಟ್ರೆಪ್ಟೊಕಾಕಸ್ ಸೋಂಕು. ಕಂಕುಳು, ತೊಡೆಸಂದು, ಸ್ತನದಡಿಯಲ್ಲಿ ಬರುವ ರೂಪದಲ್ಲಿ ಬೆವರು, ಉಜ್ಜಾಟದಿಂದ ಹಕ್ಕಳೆಯೇ ಇರುವುದಿಲ್ಲ. ನುಣ್ಣಗೆ ಹೊಳೆಯುವ ಕೆಂಪು ಮಾತ್ರ ಕಂಡು ಶಿಲೀಂಧ್ರವೆಂದು ಮೋಸಹೋಗುವುದು ಸುಲಭ. ಅಂಗೈ, ಅಂಗಾಲುಗಳಲ್ಲಿ ಚರ್ಮ ದಪ್ಪವಾಗಿ ಬಿರಿಯುವ ರೂಪ ಒಂದು. ಇನ್ನೆರಡು ರೂಪಗಳು ತುರ್ತಿನವು. ಒಂದರಲ್ಲಿ ಮೈಯ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಕೆಂಪಾಗಿ ಉದುರುತ್ತದೆ. ಇನ್ನೊಂದರಲ್ಲಿ ಜ್ವರದೊಡನೆ ಮೈಮೇಲೆ ಕೀವಿನ ಸಣ್ಣ ಗುಳ್ಳೆಗಳ ಹಿಂಡು ಏಳುತ್ತದೆ. ಆ ಕೀವಿನಲ್ಲಿ ರೋಗಾಣು ಇರುವುದಿಲ್ಲ. ಎರಡರಲ್ಲೂ ದೇಹ ನೀರು, ಶಾಖ, ಪ್ರೋಟೀನ್ ಕಳೆದುಕೊಳ್ಳುವುದರಿಂದ ಆಸ್ಪತ್ರೆಗೆ ದಾಖಲಾಗಲೇಬೇಕು.

ವಿದ್ಯಾರ್ಥಿ: ಹುಳುಕಡ್ಡಿಯಲ್ಲೂ ಅಂಚು ಸ್ಪಷ್ಟ, ಹೊಟ್ಟೂ ಉಂಟು. ಬೇರೆ ಮಾಡುವುದು ಹೇಗೆ?

ಅಧ್ಯಾಪಕಿ: ಹುಳುಕಡ್ಡಿಯಲ್ಲಿ ಚಟುವಟಿಕೆ ಎಲ್ಲ ಅಂಚಿನಲ್ಲಿ, ನಡುಭಾಗ ತಿಳಿಯಾಗುತ್ತಾ ಹೋಗುತ್ತದೆ. ಸೋರಿಯಾಸಿಸ್ ಕಲೆಯಲ್ಲಿ ನಡುವೂ ಅಂಚಿನಷ್ಟೇ ದಪ್ಪ. ಸಂದೇಹವಿದ್ದರೆ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಶಿಲೀಂಧ್ರದ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣಸಿಗುತ್ತವೆ. ಭಾರತದಲ್ಲಿ ಈ ಪರೀಕ್ಷೆಗೆ ಇನ್ನೊಂದು ಮಹತ್ವವಿದೆ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳನ್ನು ಹಚ್ಚಿದವರಲ್ಲಿ ಹುಳುಕಡ್ಡಿ ತನ್ನ ರೂಪವನ್ನೇ ಕಳೆದುಕೊಂಡಿರುತ್ತದೆ. ಸೋರಿಯಾಸಿಸ್ ಕಲೆಯೂ ಅರೆಬರೆ ಮಾಸಿರುತ್ತದೆ. ಹಾಗಾಗಿ ‘ಇದುವರೆಗೆ ಏನು ಹಚ್ಚಿದ್ದೀರಿ’ ಎಂಬ ಪ್ರಶ್ನೆ ಮೊದಲ ಸಾಲಿನದು. ಉಳಿದಂತೆ ಸೆಬೊರಿಯಿಕ್ ಡರ್ಮಟೈಟಿಸ್, ಪಿಟಿರಿಯಾಸಿಸ್ ರೋಸಿಯಾ, ಲೈಕೆನ್ ಪ್ಲಾನಸ್ ಮನಸ್ಸಿನಲ್ಲಿರಬೇಕು. ಅಂಗೈ, ಅಂಗಾಲಲ್ಲೂ ಕಲೆಗಳಿದ್ದರೆ ಸಿಫಿಲಿಸ್‌ಗೆ ರಕ್ತಪರೀಕ್ಷೆ ಬೇಕು. ಕಲೆಯ ಮೇಲೆ ಸ್ಪರ್ಶಜ್ಞಾನ ಇಲ್ಲದಿದ್ದರೆ ಕುಷ್ಠಕ್ಕಾಗಿ ತಪಾಸಣೆ ಮಾಡಬೇಕು.

ವಿದ್ಯಾರ್ಥಿ: ಬಯಾಪ್ಸಿ ಯಾವಾಗ?

ಅಧ್ಯಾಪಕಿ: ಕಣ್ಣು ಒಪ್ಪದಿದ್ದಾಗ, ಸರಿಯಾದ ಚಿಕಿತ್ಸೆಗೂ ಕಲೆ ಜಗ್ಗದಿದ್ದಾಗ. ಕೆಲವು ಮಿಲಿಮೀಟರ್ ಚರ್ಮದ ತುಣುಕು ಸಾಕು. ಸೂಕ್ಷ್ಮದರ್ಶಕದಡಿ ಹೊರಪದರದ ಕೊನೆಯ ಕೋಶಗಳಲ್ಲೂ ಕೋಶಕೇಂದ್ರ ಉಳಿದಿರುವುದು, ಹೊರಪದರ ಬೆರಳುಗಳಂತೆ ಕೆಳಗೆ ಉದ್ದವಾಗಿ ಇಳಿದಿರುವುದು, ಹಕ್ಕಳೆಯೊಳಗೆ ಬಿಳಿ ರಕ್ತಕಣಗಳ ಸಣ್ಣ ಗುಂಪುಗಳು ಕಾಣುತ್ತವೆ. ವಯಸ್ಸಾದವರಲ್ಲಿ ವರ್ಷಗಟ್ಟಲೆ ಗುಣವಾಗದ ಕಲೆ ಚರ್ಮದ ಲಿಂಫೋಮವೂ ಆಗಿರಬಹುದು. ಅದನ್ನು ತಳ್ಳಿಹಾಕಲೂ ಬಯಾಪ್ಸಿಯೇ ದಾರಿ.

ವಿದ್ಯಾರ್ಥಿ: ಕೀಲುನೋವನ್ನು ಚರ್ಮದ ವೈದ್ಯರು ಯಾಕೆ ಕೇಳಬೇಕು?

ಅಧ್ಯಾಪಕಿ: ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30 ಜನರವರೆಗೆ ಕೀಲುರೋಗ ಬರಬಹುದು. ಹೆಚ್ಚಿನವರಲ್ಲಿ ಚರ್ಮದ ಕಲೆ ಕಾಣಿಸಿಕೊಂಡ ಎಷ್ಟೋ ವರ್ಷಗಳ ಮೇಲೆ ಅದು ಶುರುವಾಗುತ್ತದೆ. ಹೀಗಾಗಿ ಅದನ್ನು ಮೊದಲು ಹಿಡಿಯುವ ಅವಕಾಶ ಚರ್ಮವೈದ್ಯರದೇ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲು ಬಿಗಿಯುವುದು, ಬೆರಳೊಂದು ಬುಡದಿಂದ ತುದಿಯವರೆಗೆ ಬಾಳೆಕಾಯಿಯಂತೆ ಊದುವುದು, ಹಿಮ್ಮಡಿಯ ಹಿಂಭಾಗದ ನೋವು, ಉಗುರಿನ ಪಕ್ಕದ ಕೊನೆಯ ಗೆಣ್ಣಿನ ಊತ ಇದರ ಸುಳಿವುಗಳು. ಕೀಲು ಒಮ್ಮೆ ಸವೆದರೆ ಹಿಂದಿನಂತಾಗುವುದಿಲ್ಲ. ಪ್ರತಿ ಭೇಟಿಯಲ್ಲೂ ಈ ಪ್ರಶ್ನೆಗಳನ್ನು ಕೇಳಬೇಕು.

ವಿದ್ಯಾರ್ಥಿ: ರೋಗ ಇದೆ ಎಂದಾಯಿತು. ಎಷ್ಟಿದೆ ಎಂದು ಅಳೆಯುವುದು ಹೇಗೆ?

ಅಧ್ಯಾಪಕಿ: ಅಳತೆಗೋಲು ರೋಗಿಯ ಅಂಗೈಯೇ. ಬೆರಳುಗಳೂ ಸೇರಿದಂತೆ ಒಂದು ಅಂಗೈ ಎಂದರೆ ಮೈಯ ಸುಮಾರು ನೂರರಲ್ಲೊಂದು ಪಾಲು. ಇನ್ನಷ್ಟು ನಿಖರವಾಗಿ ಬೇಕಿದ್ದರೆ 1978ರಿಂದ ಬಳಕೆಯಲ್ಲಿರುವ ಪಿಎಎಸ್‌ಐ ಅಂಕವಿದೆ. ತಲೆ, ಕೈ, ಮುಂಡ, ಕಾಲು ಎಂದು ಮೈಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಕೆಂಪು, ದಪ್ಪ, ಹಕ್ಕಳೆ, ವ್ಯಾಪ್ತಿಗಳನ್ನು ಲೆಕ್ಕಹಾಕಿ 0ಯಿಂದ 72ರವರೆಗೆ ಅಂಕ ಕೊಡುತ್ತಾರೆ. ಇವೆರಡೂ ಚರ್ಮವನ್ನು ಅಳೆಯುತ್ತವೆ, ಬದುಕನ್ನಲ್ಲ. ಅದಕ್ಕೆ ಹತ್ತು ಪ್ರಶ್ನೆಗಳ ಡಿಎಲ್‌ಕ್ಯುಐ ಎಂಬ ಪಟ್ಟಿ ಬೇರೆ ಇದೆ. ಅದರಲ್ಲಿ 0ಯಿಂದ 30ರವರೆಗೆ ಅಂಕ. ಮೂರರಲ್ಲಿ ಯಾವುದಾದರೂ ಒಂದು 10 ದಾಟಿದರೆ ರೋಗ ತೀವ್ರ ಎಂಬುದು ನೆನಪಿಡಲು ಸುಲಭವಾದ ಸೂತ್ರ.

ವಿದ್ಯಾರ್ಥಿ: ಅಂಗೈಯಲ್ಲಿ ಮಾತ್ರ ಇದ್ದರೆ ಲೆಕ್ಕಕ್ಕೆ ನೂರಕ್ಕೆ ಒಂದೆರಡು. ಸೌಮ್ಯ ಅನ್ನಬಹುದೇ?

ಅಧ್ಯಾಪಕಿ: ಎರಡೂ ಅಂಗೈ ಬಿರಿದಿರುವ ಟೈಲರಿಗೆ ಸೂಜಿ ಹಿಡಿಯಲಾಗುವುದಿಲ್ಲ, ಅಡುಗೆಯವರಿಗೆ ಹಸಿಮೆಣಸಿನಕಾಯಿ ಮುಟ್ಟಲಾಗುವುದಿಲ್ಲ. ಅಂಗೈ, ಅಂಗಾಲು, ಮುಖ, ಉಗುರು, ಜನನಾಂಗದ ರೋಗ ಎಷ್ಟೇ ಕಡಿಮೆ ಜಾಗದಲ್ಲಿದ್ದರೂ ತೀವ್ರವೆಂದೇ ಎಣಿಸಬೇಕಾದೀತು.

ವಿದ್ಯಾರ್ಥಿ: ಚಿಕಿತ್ಸೆಗೆ ಮೊದಲು, ರೋಗವನ್ನು ಕೆರಳಿಸುವುದು ಯಾವುದು?

ಅಧ್ಯಾಪಕಿ: ಗಂಟಲಿನ ಸೋಂಕು, ಮಾನಸಿಕ ಒತ್ತಡ, ಮದ್ಯ, ಧೂಮಪಾನ, ಬೊಜ್ಜು, ಚಳಿಗಾಲದ ಒಣಹವೆ. ಔಷಧಗಳಲ್ಲಿ ಲಿಥಿಯಂ, ಕ್ಲೋರೋಕ್ವಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು. ಗಾಯವಾದಲ್ಲಿ ಹೊಸ ಕಲೆ ಏಳುವುದೂ ಈ ರೋಗದ ಗುಣ, ಅದಕ್ಕೆ ಕೋಬ್ನರ್ ಪರಿಣಾಮ ಎನ್ನುತ್ತಾರೆ. ಸೀರೆಯ ಒಳಲಂಗದ ಲಾಡಿ ಬಿಗಿಯುವ ಸೊಂಟದಲ್ಲಿ, ಬೆಲ್ಟ್ ಉಜ್ಜುವಲ್ಲಿ ಕಲೆ ಗೆರೆಯಾಗಿ ನಿಲ್ಲುವುದು ಅದಕ್ಕೇ. ಹಕ್ಕಳೆಯನ್ನು ಕಲ್ಲಿನಿಂದ ತಿಕ್ಕಿ ತೆಗೆಯುವವರು ತಮಗೆ ಗೊತ್ತಿಲ್ಲದೆ ಹೊಸ ಕಲೆಯನ್ನು ಕರೆದುಕೊಳ್ಳುತ್ತಾರೆ.

ವಿದ್ಯಾರ್ಥಿ: ಪೂರ್ತಿ ವಾಸಿಯಾಗುತ್ತದೆಯೇ ಎಂಬುದೇ ಎಲ್ಲರ ಮೊದಲ ಪ್ರಶ್ನೆ.

ಅಧ್ಯಾಪಕಿ: ಬುಡಸಮೇತ ಕೀಳುವ ಔಷಧ ಇನ್ನೂ ಇಲ್ಲ. ಮಧುಮೇಹದಂತೆ, ಬಿಪಿಯಂತೆ ಇದನ್ನೂ ಹಿಡಿತದಲ್ಲಿಡಬಹುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಚರ್ಮ ತಿಳಿಯಾಗಿರುವಂತೆ ಮಾಡಬಹುದು. ‘ಮೂರು ತಿಂಗಳಲ್ಲಿ ಶಾಶ್ವತ ಪರಿಹಾರ’ ಎಂಬ ಜಾಹೀರಾತನ್ನು ನಂಬಿ ಹೋದವರಿಗೆ ಸಿಗುವ ಪುಡಿಗಳಲ್ಲಿ ಎಷ್ಟೋ ವೇಳೆ ಸ್ಟೀರಾಯ್ಡ್ ಅಡಗಿರುತ್ತದೆ.

ವಿದ್ಯಾರ್ಥಿ: ಮೊದಲ ಮೆಟ್ಟಿಲು ಯಾವುದು?

ಅಧ್ಯಾಪಕಿ: ಚರ್ಮವನ್ನು ತೇವವಾಗಿಡುವುದು. ಸ್ನಾನವಾದ ಮೂರು ನಾಲ್ಕು ನಿಮಿಷದೊಳಗೆ, ಮೈ ಇನ್ನೂ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿದರೆ ತುರಿಕೆ, ಬಿರುಕು ಎರಡೂ ಇಳಿಯುತ್ತವೆ. ಹಕ್ಕಳೆ ದಪ್ಪವಿದ್ದರೆ ಸ್ಯಾಲಿಸಿಲಿಕ್ ಆಸಿಡ್ ಅದನ್ನು ಸಡಿಲಿಸುತ್ತದೆ. ಹಕ್ಕಳೆ ಇಳಿಯದ ಹೊರತು ಮೇಲೆ ಹಚ್ಚಿದ ಮುಲಾಮು ಒಳಕ್ಕೆ ಇಳಿಯದು. ಸೀಮಿತ ರೋಗಕ್ಕೆ ಮುಖ್ಯ ಔಷಧ ಸ್ಟೀರಾಯ್ಡ್ ಮುಲಾಮು, ಅದರ ಜೊತೆ ವಿಟಮಿನ್ ಡಿ ವರ್ಗದ ಕ್ಯಾಲ್ಸಿಪೊಟ್ರಿಯಾಲ್. ಮೂಳೆ ಸವೆತಕ್ಕೆ ವಿಟಮಿನ್ ಡಿ ಕೊಟ್ಟಿದ್ದ ಜಪಾನಿನ ರೋಗಿಯೊಬ್ಬರ ಸೋರಿಯಾಸಿಸ್ ಇಳಿದದ್ದು 1985ರಲ್ಲಿ ವರದಿಯಾಯಿತು. ಆ ಆಕಸ್ಮಿಕದಿಂದ ಈ ದಾರಿ ತೆರೆಯಿತು. ತಾರು ಮತ್ತು ಡಿಥ್ರನಾಲ್ ಹಳೆಯವು, ಆದರೂ ಕೆಲಸಕ್ಕೆ ಬರುವವು. ಡಿಥ್ರನಾಲ್‌ನ ಪೂರ್ವಜ ‘ಗೋವಾ ಪುಡಿ’. ಬ್ರೆಜಿಲ್‌ನ ಮರವೊಂದರ ಪುಡಿ ಪೋರ್ಚುಗೀಸರ ಗೋವಾಕ್ಕೆ ಬಂದು, ಚರ್ಮರೋಗಕ್ಕೆ ಮದ್ದಾಗಿ ಆ ಹೆಸರು ಪಡೆಯಿತು.

ವಿದ್ಯಾರ್ಥಿ: ಮುಲಾಮು ಎಷ್ಟು ಹಚ್ಚಬೇಕೆಂದು ರೋಗಿಗೆ ಹೇಗೆ ತಿಳಿಸುವುದು?

ಅಧ್ಯಾಪಕಿ: ತೋರುಬೆರಳಿನ ಕೊನೆಯ ಗೆಣ್ಣಿನ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಬಲವಾದ ಸ್ಟೀರಾಯ್ಡ್‌ಗಳನ್ನು ಎರಡರಿಂದ ನಾಲ್ಕು ವಾರ ಹಚ್ಚಿ, ಕಲೆ ತೆಳುವಾದ ಮೇಲೆ ವಾರಕ್ಕೆರಡು ದಿನಕ್ಕೆ ಇಳಿಸುವುದು ವಾಡಿಕೆ. ಮುಖ ಮತ್ತು ಸಂದುಗಳ ಚರ್ಮ ತೆಳು. ಅಲ್ಲಿ ಬಲವಾದದ್ದನ್ನು ಬಹುಕಾಲ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗಿ ಗೆರೆಗಳು ಬೀಳುತ್ತವೆ. ಅಲ್ಲಿಗೆ ಟ್ಯಾಕ್ರೊಲಿಮಸ್ ಹೊಂದುತ್ತದೆ.

ವಿದ್ಯಾರ್ಥಿ: ಮುಲಾಮು ಸಾಲದಿದ್ದರೆ?

ಅಧ್ಯಾಪಕಿ: ಬೆಳಕಿನ ಚಿಕಿತ್ಸೆ. 311 ನ್ಯಾನೊಮೀಟರ್ ತರಂಗಾಂತರದ ಅಲ್ಟ್ರಾವಯಲೆಟ್-ಬಿ ಬೆಳಕನ್ನು ವಾರಕ್ಕೆ ಎರಡು ಮೂರು ಬಾರಿ, ಒಟ್ಟು 20–30 ಸಲ ಕೊಡಬೇಕು. ಗರ್ಭಿಣಿಯರಿಗೂ ಇದನ್ನು ಕೊಡಬಹುದು. ಇದಕ್ಕೂ ಹಿಂದಿನದು ಪೂವಾ: ಸೊರಾಲೆನ್ ಕೊಟ್ಟು ಅಲ್ಟ್ರಾವಯಲೆಟ್-ಎ ಬೆಳಕಿಗೆ ಒಡ್ಡುವ ಕ್ರಮ. ಸೋರಿಯಾಸಿಸ್‌ಗೆ ಅದರ ಪರಿಣಾಮವನ್ನು 1974ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಸೊರಾಲೆನ್ ಎಂಬ ಹೆಸರು ನಮ್ಮ ನಾಟಿವೈದ್ಯದ ಬಾವಂಚಿ ಗಿಡದ ಸಸ್ಯಶಾಸ್ತ್ರೀಯ ಹೆಸರಿನಿಂದ ಬಂದದ್ದು. ಬೆಳಕಿನ ಚಿಕಿತ್ಸೆಗೆ ಅಡ್ಡಿಯಾಗುವುದು ದೂರ. ಬಸ್ಸು ಹಿಡಿದು ವಾರಕ್ಕೆ ಮೂರು ದಿನ ಜಿಲ್ಲಾ ಕೇಂದ್ರಕ್ಕೆ ಬರುವುದು ಕೂಲಿಯವರಿಗೆ ಆಗದ ಮಾತು. ಅಂಥವರಿಗೆ ಮಾತ್ರೆಯೇ ಲೇಸಾಗಬಹುದು.

ವಿದ್ಯಾರ್ಥಿ: ಮಾತ್ರೆ ಎಂದರೆ ಮೆಥೋಟ್ರೆಕ್ಸೇಟ್ ತಾನೇ?

ಅಧ್ಯಾಪಕಿ: ಹೆಚ್ಚಾಗಿ ಅದೇ. ಅಗ್ಗ, ಪರಿಣಾಮಕಾರಿ, ಕೀಲಿಗೂ ಒದಗುತ್ತದೆ. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯ 1940ರ ದಶಕದಲ್ಲಿ ತಯಾರಿಸಿದ ಫೋಲಿಕ್ ಆಸಿಡ್ ವಿರೋಧಿ ಔಷಧಗಳ ಸಾಲಿನದು ಇದು. ಆ ಸಾಲಿನ ಅಮಿನೊಪ್ಟೆರಿನ್ ಸೋರಿಯಾಸಿಸ್ ಮೇಲೆ ಕೆಲಸ ಮಾಡುವುದು 1951ರಲ್ಲಿ ತಿಳಿಯಿತು. ಮೆಥೋಟ್ರೆಕ್ಸೇಟ್ ಬಗ್ಗೆ ಒಂದು ಮಾತನ್ನು ಮೂರು ಬಾರಿ ಹೇಳಿದರೂ ಕಡಿಮೆಯೇ: ಅದು ವಾರಕ್ಕೊಮ್ಮೆ ಮಾತ್ರ. ‘ದಿನಕ್ಕೊಂದು’ ಎಂದು ತಪ್ಪಾಗಿ ತಿಳಿದು ನುಂಗಿದವರಲ್ಲಿ ಬಾಯಿಹುಣ್ಣು, ಜ್ವರ, ಬಿಳಿ ರಕ್ತಕಣಗಳ ಕುಸಿತ, ಸಾವೂ ಉಂಟಾಗಿದೆ. ಚೀಟಿಯಲ್ಲಿ ವಾರದ ಹೆಸರನ್ನೇ ಬರೆಯಬೇಕು. ‘ಪ್ರತಿ ಭಾನುವಾರ ರಾತ್ರಿ’ ಎಂದು ಬರೆದು, ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿಸಿ, ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸಬೇಕು. ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಶುರುಮಾಡುವ ಮೊದಲೂ, ಆಮೇಲೆ ನಿಯಮಿತವಾಗಿಯೂ ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆಗಳು ಬೇಕು. ಮದ್ಯ ಬಿಡಬೇಕು, ಗರ್ಭಿಣಿಯರಿಗೆ ಕೊಡಲೇಬಾರದು. ಜೊತೆಗೆ ಕೋಟ್ರೈಮೊಕ್ಸಜೋಲ್ ಆಂಟಿಬಯಾಟಿಕ್ ಸೇರಿದರೆ ಅಪಾಯ.

ವಿದ್ಯಾರ್ಥಿ: ಉಳಿದ ಮಾತ್ರೆಗಳು?

ಅಧ್ಯಾಪಕಿ: ಸೈಕ್ಲೋಸ್ಪೋರಿನ್ ಬೇಗ ಹಿಡಿತ ಕೊಡುತ್ತದೆ, ಆದರೆ ಕಿಡ್ನಿ ಮತ್ತು ಬಿಪಿಯ ಮೇಲೆ ಕಣ್ಣಿಡಬೇಕಾದ್ದರಿಂದ ಬಹುಕಾಲಕ್ಕಲ್ಲ. ಅಸಿಟ್ರೆಟಿನ್ ಅಂಗೈ, ಅಂಗಾಲಿಗೆ, ಕೀವುಗುಳ್ಳೆಯ ರೂಪಕ್ಕೆ ಒಳ್ಳೆಯದು. ಅದನ್ನು ನಿಲ್ಲಿಸಿದ ಮೂರು ವರ್ಷದವರೆಗೂ ಗರ್ಭ ಧರಿಸಬಾರದಾದ್ದರಿಂದ ಮಕ್ಕಳು ಬೇಕೆನ್ನುವ ಹೆಂಗಸರಿಗೆ ಕೊಡುವುದಿಲ್ಲ. ಅಪ್ರೆಮಿಲಾಸ್ಟ್ ಸೌಮ್ಯ, ಅದರ ಪರಿಣಾಮವೂ ಸಾಧಾರಣ.

ವಿದ್ಯಾರ್ಥಿ: ಸ್ಟೀರಾಯ್ಡ್ ಮುಲಾಮು ಕೆಲಸ ಮಾಡುತ್ತದೆಂದರೆ ಸ್ಟೀರಾಯ್ಡ್ ಮಾತ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಲ್ಲವೇ?

ಅಧ್ಯಾಪಕಿ: ತರ್ಕ ಸರಿಯಿದ್ದಂತೆ ಕಾಣುತ್ತದೆ, ಫಲ ಮಾತ್ರ ಉಲ್ಟಾ. ನುಂಗುವಾಗ ಚರ್ಮ ಬೇಗ ತಿಳಿಯಾಗುತ್ತದೆ. ನಿಲ್ಲಿಸಿದೊಡನೆ ರೋಗ ಹಿಂದಿಗಿಂತ ಜೋರಾಗಿ ಮರಳುತ್ತದೆ. ಹಿಂದೆ ಹೇಳಿದ ಎರಡು ತುರ್ತಿನ ರೂಪಗಳು ಹೀಗೆಯೇ ಹುಟ್ಟುವುದುಂಟು. ಅನಿವಾರ್ಯ ಸಂದರ್ಭಗಳನ್ನು ಬಿಟ್ಟರೆ ಸೋರಿಯಾಸಿಸ್‌ಗೆ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಸಲ್ಲದು.

ವಿದ್ಯಾರ್ಥಿ: ಹೊಸ ಇಂಜೆಕ್ಷನ್‌ಗಳು ಏನು ಮಾಡುತ್ತವೆ?

ಅಧ್ಯಾಪಕಿ: ಬಯೋಲಾಜಿಕ್ಸ್ ಎಂಬ ಇವು ಇಡೀ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸದೆ, ಆರಂಭದಲ್ಲಿ ಹೇಳಿದ ಸಂದೇಶಗಳಲ್ಲಿ ಒಂದನ್ನು ಮಾತ್ರ ತಡೆಯುತ್ತವೆ. ಅಡಾಲಿಮುಮ್ಯಾಬ್ ಟಿಎನ್‌ಎಫ್ ಅನ್ನು, ಸೆಕ್ಯುಕಿನುಮ್ಯಾಬ್ ಇಂಟರ್‌ಲ್ಯೂಕಿನ್-17 ಅನ್ನು, ಗುಸೆಲ್ಕುಮ್ಯಾಬ್ ಇಂಟರ್‌ಲ್ಯೂಕಿನ್-23 ಅನ್ನು ಹಿಡಿಯುತ್ತವೆ. ಕೊನೆಯ ಎರಡು ವರ್ಗಗಳಲ್ಲಿ ಬಹುಪಾಲು ರೋಗಿಗಳ ಪಿಎಎಸ್‌ಐ ಅಂಕ ನೂರಕ್ಕೆ 90ರಷ್ಟು ಇಳಿಯುತ್ತದೆ. ಬೆಂಗಳೂರಿನ ಬಯೋಕಾನ್ ಅಭಿವೃದ್ಧಿಪಡಿಸಿದ, ಟಿ ಕೋಶದ ಸಿಡಿ6 ಎಂಬ ಗುರುತನ್ನು ಹಿಡಿಯುವ ಇಟೊಲಿಜುಮ್ಯಾಬ್‌ಗೆ 2013ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಯಾವುದನ್ನೇ ಕೊಡುವ ಮೊದಲು ಕ್ಷಯದ ತಪಾಸಣೆ ಆಗಬೇಕು: ಎದೆಯ ಎಕ್ಸ್‌ರೇ, ಜೊತೆಗೆ ಮಾಂಟೂ ಅಥವಾ ಇಗ್ರಾ ಪರೀಕ್ಷೆ. ಮೈಯಲ್ಲಿ ಮಲಗಿರುವ ಕ್ಷಯ ಎದ್ದು ಕೂರಬಾರದು. ಟಿಎನ್‌ಎಫ್ ತಡೆಯುವವುಗಳಲ್ಲಿ ಈ ಅಪಾಯ ಹೆಚ್ಚು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳೂ ಬೇಕು. ಇವು ದುಬಾರಿ, ನಿಲ್ಲಿಸಿದರೆ ರೋಗ ನಿಧಾನವಾಗಿ ಮರಳುವುದೇ ಹೆಚ್ಚು. ಆರಂಭಿಸುವ ಮೊದಲೇ ಮುಂದಿನ ಖರ್ಚಿನ ಲೆಕ್ಕ ರೋಗಿಯ ಮುಂದಿಡಬೇಕು.

ವಿದ್ಯಾರ್ಥಿ: ಚರ್ಮ ತಿಳಿಯಾದರೆ ಕೆಲಸ ಮುಗಿಯಿತೇ?

ಅಧ್ಯಾಪಕಿ: ಇಲ್ಲ. ತೀವ್ರ ಸೋರಿಯಾಸಿಸ್ ಇರುವವರಲ್ಲಿ ಹೃದ್ರೋಗ, ಮಧುಮೇಹ, ಲಿವರಿನಲ್ಲಿ ಕೊಬ್ಬು, ಖಿನ್ನತೆ ಹೆಚ್ಚಾಗಿ ಕಾಣುತ್ತವೆ. ಉರಿಯೂತ ಚರ್ಮದಲ್ಲೇ ನಿಲ್ಲುವುದಿಲ್ಲ. ಹಾಗಾಗಿ ತೂಕ, ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡುವುದೂ ಚಿಕಿತ್ಸೆಯ ಭಾಗವೇ. ಬೊಜ್ಜಿರುವವರು ತೂಕ ಇಳಿಸಿದರೆ ಕಲೆಗಳೂ ಇಳಿಯುತ್ತವೆ, ಔಷಧವೂ ಚೆನ್ನಾಗಿ ಹತ್ತುತ್ತದೆ. ನಿದ್ದೆ, ಮನಸ್ಸು ಹೇಗಿದೆ ಎಂದು ನೇರವಾಗಿ ಕೇಳಬೇಕು. ಅರ್ಧತೋಳಿನ ಅಂಗಿ ಹಾಕುವುದನ್ನು, ಮದುವೆಮನೆಗೆ ಹೋಗುವುದನ್ನು ಬಿಟ್ಟವರು ಅದನ್ನು ತಾವಾಗಿ ಹೇಳಿಕೊಳ್ಳುವುದು ಅಪರೂಪ.

ವಿದ್ಯಾರ್ಥಿ: ಮರುಭೇಟಿಯಲ್ಲಿ ಯಾವುದನ್ನು ಯಶಸ್ಸು ಎನ್ನಬೇಕು?

ಅಧ್ಯಾಪಕಿ: ಮೂರು ತಿಂಗಳ ಹೊತ್ತಿಗೆ ಕಲೆಗಳೆಲ್ಲ ಸೇರಿ ಒಂದು ಅಂಗೈಯಷ್ಟಕ್ಕೆ, ಅಂದರೆ ನೂರಕ್ಕೆ ಒಂದಕ್ಕೆ ಇಳಿಯಬೇಕೆಂಬುದು ಈಗ ಒಪ್ಪಿತವಾದ ಗುರಿಗಳಲ್ಲೊಂದು. ಅಲ್ಲಿಗೆ ಮುಟ್ಟದಿದ್ದರೆ, ಮೊದಲು ಔಷಧ ಹೇಳಿದಂತೆ ತೆಗೆದುಕೊಂಡಿದ್ದಾರೆಯೇ ಎಂದು ನೋಡಬೇಕು. ಖಾಲಿಯಾದ ಟ್ಯೂಬುಗಳ ಲೆಕ್ಕ ಕೇಳಿದರೆ ಉತ್ತರ ಸಿಗುತ್ತದೆ. ಸರಿಯಾಗಿ ತೆಗೆದುಕೊಂಡೂ ಇಳಿಯದಿದ್ದರೆ ಮುಂದಿನ ಮೆಟ್ಟಿಲು. ಗುರಿ ಮುಟ್ಟಿದ್ದರೆ ಮುಲಾಮನ್ನು ವಾರಕ್ಕೆರಡು ದಿನಕ್ಕೂ, ಮಾತ್ರೆಯನ್ನು ಕನಿಷ್ಠ ಪ್ರಮಾಣಕ್ಕೂ ಇಳಿಸಿ ಕಾಯಬೇಕು. ಮೈಯೆಲ್ಲ ಕೆಂಪಾದರೆ, ಜ್ವರದ ಜೊತೆ ಕೀವುಗುಳ್ಳೆ ಎದ್ದರೆ, ಕೀಲು ಊದಿದರೆ, ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಬಾಯಿಹುಣ್ಣಾದರೆ ಮರುಭೇಟಿಯ ದಿನಕ್ಕೆ ಕಾಯದೆ ಬರಬೇಕು. ಈ ನಾಲ್ಕನ್ನು ರೋಗಿಯ ಚೀಟಿಯ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಡಬೇಕು.